ಕಾವು ಪೆಟ್ಟಿಗೆಯ ಪುಟ್ಟ ಫ್ಯಾನು

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆಯ ಕೆಲಸ ಕಲಿಯಬೇಕೆಂದು ಈಗಲೂ ಆಗಾಗ ಯಾರಾದರೂ ಮೂಡುಬಿದಿರೆಯ ನಮ್ಮ ಮನೆಗೆ ಬರುತ್ತಾರೆ. ಬಂದವರು ಕೋಳಿಯ ಬಗ್ಗೆ ಕೇಳುತ್ತಾರೆ, ಮೊಟ್ಟೆಯ ಬಗ್ಗೆ ಕೇಳುತ್ತಾರೆ, ಬಿಸಿ ಅಳೆಯುವ ಯಾವ ಮೀಟರು ಒಳ್ಳೆಯದು ಎಂದು ಕೇಳುತ್ತಾರೆ. ಗಾಳಿಯ ಬಗ್ಗೆ ಮಾತ್ರ ಒಬ್ಬರೂ ಕೇಳುವುದಿಲ್ಲ. ನಾನು ಜೀವಮಾನವಿಡೀ ಮಾಡಿದ್ದು ಬಿಸಿ ಗಾಳಿಯನ್ನು ಆ ಮೂಲೆಯಿಂದ ಈ ಮೂಲೆಗೆ ಓಡಾಡಿಸುವ ಕೆಲಸ. ಅದಕ್ಕೆ ಅಂಗೈಯಗಲದ ಒಂದು ಫ್ಯಾನು ಸಾಕು. ಊರಿನವರು ನನ್ನನ್ನು ಮೊಟ್ಟೆ ಸಂಜೀವಣ್ಣ ಎಂದು ಕರೆಯುತ್ತಿದ್ದರು. ಫ್ಯಾನು ಸಂಜೀವಣ್ಣ ಎಂದು ಕರೆದಿದ್ದರೆ ಸಂತೋಷಪಡುತ್ತಿದ್ದೆ, ಆದರೆ ಹಾಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ಈಗ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲವಾದ್ದರಿಂದ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮಾತುಕತೆಯೆಲ್ಲ ನಡೆದದ್ದು ಹೆಚ್ಚಾಗಿ ತುಳುವಿನಲ್ಲಿ. ಇಲ್ಲಿ ನಮ್ಮ ಶಾಲೆಯ ಕನ್ನಡಕ್ಕೆ ಇಳಿಸಿದ್ದೇನೆ, ಹೆಚ್ಚುಕಡಿಮೆ ಇದ್ದರೆ ಓದುವವರು ಸುಧಾರಿಸಿಕೊಳ್ಳಬೇಕು.

ನಾನು ಕೆಲಸ ಕಲಿತದ್ದು ಮೂಡುಬಿದಿರೆಯ ಹತ್ತಿರ ಆಗ ಇದ್ದ ಒಂದು ಹ್ಯಾಚರಿಯಲ್ಲಿ. ಮ್ಯಾನೇಜರ್ ಲಿಗೋರಿ ಪೊರ್ಬುಗಳು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದೇ ಕರೆಯುವುದು. ಅವರು ಕಪಾಟಿನಂಥ ದೊಡ್ಡ ಯಂತ್ರದ ಒಳಗೆ ಮೂಲೆಮೂಲೆಗೂ ಹೊಲಿಗೆಯ ಕೆಂಪು ದಾರದ ತುಂಡುಗಳನ್ನು ಇಳಿಬಿಟ್ಟಿದ್ದರು. ಬೆಳಿಗ್ಗೆ ಬಂದ ಕೂಡಲೇ ಅವರು ಮೀಟರ್ ನೋಡುತ್ತಿರಲಿಲ್ಲ, ಗಾಜಿನ ಕಿಂಡಿಯಲ್ಲಿ ಇಣುಕಿ ದಾರ ಅಲ್ಲಾಡುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು. ಮೀಟರಿನ ಅಂಕೆ ಸರಿಯಿದೆ ಎಂದು ನಾನು ಒಂದು ದಿನ ವಾದ ಮಾಡಿದಾಗ ಅವರು ಕೋಪಿಸಿಕೊಳ್ಳಲಿಲ್ಲ.

“ಸಂಜೀವ, ಮೀಟರು ಅದು ನಿಂತ ಜಾಗದ ಸುದ್ದಿ ಮಾತ್ರ ಹೇಳ್ತದೆ,” ಎಂದರು. “ಮೂಲೆಯಲ್ಲಿ ಕೂತ ಮೊಟ್ಟೆಯ ಹತ್ರ ಕ್ಷೇಮಸಮಾಚಾರ ಕೇಳುದು ಯಾರು?”

ಬಿಸಿ ಗಾಳಿ ಹಗುರ, ಅದು ಮೇಲಕ್ಕೆ ಹೋಗಿ ಕೂರುತ್ತದೆ. ಫ್ಯಾನು ಇಲ್ಲದಿದ್ದರೆ ಒಂದೇ ಯಂತ್ರದ ಒಳಗೆ ಮೇಲೆ ಏಪ್ರಿಲ್ ತಿಂಗಳು, ಕೆಳಗೆ ಡಿಸೆಂಬರ್. ಪೊರ್ಬುಗಳಿಂದ ನಾನು ಕಲಿತದ್ದು ಇಷ್ಟೇ, ಮತ್ತು ಇಷ್ಟರ ಮೇಲೆಯೇ ಊಟ ಮಾಡಿದೆ.

ಆ ಹ್ಯಾಚರಿ ಮುಚ್ಚಿದ ಮೇಲೆ ಮನೆಮನೆಯ ಸಣ್ಣ ಪೆಟ್ಟಿಗೆಗಳ ಕೆಲಸಕ್ಕೆ ಇಳಿದೆ. ಪೆಟ್ಟಿಗೆಗೆ ನಮ್ಮ ಕಡೆ ಬರವಿಲ್ಲ, ಮೀನು ತುಂಬಿಸಿ ತರುವ ಥರ್ಮಾಕೋಲ್ ಪೆಟ್ಟಿಗೆ ಎಲ್ಲ ಮಾರ್ಕೆಟಿನಲ್ಲೂ ಸಿಗುತ್ತದೆ. ಬಿಸಿಗೆ ಒಂದು ಬಲ್ಬು ಸಾಕಾಗುತ್ತಿತ್ತು. ಫ್ಯಾನು ಮಾತ್ರ ಹುಡುಕಬೇಕಿತ್ತು. ಪಾಣೆಮಂಗಳೂರಿನಲ್ಲಿ ಹಮೀದಾಕ ಎಂಬವರ ಗುಜರಿ ಅಂಗಡಿ ಇತ್ತು. ಕೆಟ್ಟ ಕಂಪ್ಯೂಟರುಗಳ ಹೊಟ್ಟೆಯಿಂದ ತೆಗೆದ ಪುಟ್ಟ ಫ್ಯಾನುಗಳನ್ನು ಅವರು ಒಂದು ಬಾಲ್ದಿಯಲ್ಲಿ ಹಾಕಿಡುತ್ತಿದ್ದರು. ನಾನು ಒಂದೊಂದನ್ನೂ ಬಾಯಿಯಿಂದ ಊದಿ, ಸರಾಗವಾಗಿ ತಿರುಗುವುದನ್ನು ಮಾತ್ರ ಆರಿಸುತ್ತಿದ್ದೆ. ಕಂಪ್ಯೂಟರನ್ನು ತಂಪು ಮಾಡುತ್ತಿದ್ದ ಫ್ಯಾನು ಕೋಳಿಯ ಮೊಟ್ಟೆಗೆ ಹೇಗೆ ಬಿಸಿ ಕೊಡುತ್ತದೆ ಎಂಬುದು ಹಮೀದಾಕನ ಬಗೆಹರಿಯದ ಸಂಶಯ. ಫ್ಯಾನಿಗೆ ತಂಪೂ ಗೊತ್ತಿಲ್ಲ ಬಿಸಿಯೂ ಗೊತ್ತಿಲ್ಲ, ಇದ್ದದ್ದನ್ನು ದೂಡುವುದು ಮಾತ್ರ ಗೊತ್ತು ಎಂದು ನಾನು ಎಷ್ಟು ಸಲ ಹೇಳಿದರೂ ಮುಂದಿನ ಸಲ ಪುನಃ ಅದನ್ನೇ ಕೇಳುತ್ತಿದ್ದರು. ಚಾ ತರಿಸಲು ಅವರಿಗೆ ಅದೊಂದು ನೆಪವಾಗಿತ್ತು ಎಂದು ನನ್ನ ಅಂದಾಜು.

ಎಡವಟ್ಟುಗಳಿಗೆ ಲೆಕ್ಕವಿಲ್ಲ. ವಾಮದಪದವಿನ ಒಂದು ಮನೆಗೆ ಕೊಟ್ಟ ಪೆಟ್ಟಿಗೆಯನ್ನು ಸರಿಯಾಗಿ ತೊಳೆದಿರಲಿಲ್ಲ. ಬಲ್ಬಿನ ಬಿಸಿ ತಾಗಿ, ಫ್ಯಾನು ತಿರುಗಿ, ಪೆಟ್ಟಿಗೆಯ ತೂತುಗಳಿಂದ ಬಂಗುಡೆ ಮೀನಿನ ಪರಿಮಳ ಮನೆಯಿಡೀ ಹರಡಿತು. ಸುತ್ತಮುತ್ತಲಿನ ಬೆಕ್ಕುಗಳೆಲ್ಲ ಅಲ್ಲಿಗೆ ವರ್ಗವಾಗಿ ಬಂದವು. ಒಂದು ಗಂಡು ಬೆಕ್ಕು ಪೆಟ್ಟಿಗೆಯ ಮೇಲೆಯೇ ಮಲಗಿ, ಮರಿಗಳು ಹೊರಗೆ ಬರುವವರೆಗೂ ಜಾಗ ಬಿಟ್ಟು ಕದಲಲಿಲ್ಲ. ಮನೆಯವರು ಅದನ್ನು ಓಡಿಸಿ ಓಡಿಸಿ ಸೋತರು. ವಿಟ್ಲದ ಒಬ್ಬರು ಅಂಗಡಿಯವರು ನಾನು ಬರುವವರೆಗೆ ಕಾಯಲಾರದೆ ತಾವೇ ಫ್ಯಾನು ಜೋಡಿಸಿದ್ದರು, ಅಡುಗೆಮನೆಯ ಹೊಗೆ ಹೊರಗೆ ದೂಡುವ ಫ್ಯಾನಿನ ಹಾಗೆ, ಮುಖ ಹೊರಗೆ ಮಾಡಿ. ಮಳೆಗಾಲದ ದಿನ. ಪೆಟ್ಟಿಗೆಯ ಬಿಸಿಯೆಲ್ಲ ಅವರು ಕೂರುವ ಕುರ್ಚಿಯ ಕಡೆಗೆ ಹೋಗುತ್ತಿತ್ತು. ಮೊಟ್ಟೆ ಒಂದೂ ಒಡೆಯಲಿಲ್ಲ, ಆದರೆ ಅವರಿಗೆ ಸೊಂಟನೋವು ಕಡಿಮೆಯಾಯಿತಂತೆ. ಸರಿ ಮಾಡಿಕೊಡುತ್ತೇನೆ ಎಂದಾಗ ಮಳೆ ಕಳೆಯಲಿ, ಈಗ ಬೇಡ ಎಂದರು.

ಆಮೇಲೆ ಎಲ್‌ಇಡಿ ಕಾಲ ಬಂತು. ತಂತಿ ಉರಿಯುವ ಹಳೆಯ ಬಲ್ಬು ಅಂಗಡಿಗಳಿಂದ ಮಾಯವಾಯಿತು. ಹಳೆಯ ಬಲ್ಬು ಹೋದಾಗ ಜನ ಅದೇ ಜಾಗಕ್ಕೆ ಎಲ್‌ಇಡಿ ಹಾಕಿ, ಮೊಟ್ಟೆಗಳಿಗೆ ವಾರಗಟ್ಟಲೆ ಬರೀ ಬೆಳಕು ಕೊಟ್ಟು, ಸಂಜೀವಣ್ಣನ ಪೆಟ್ಟಿಗೆ ಸರಿಯಿಲ್ಲ ಎಂದು ಬಸ್ಸಿನಲ್ಲಿ ಹೇಳಿಕೊಂಡು ತಿರುಗಿದರು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹೋಗಿ ಬಿಸಿ ಕೊಡುವ ಕಾಯಿಲ್ ಹಾಕಿಕೊಟ್ಟು ಬಂದೆ. ಬೈದುಕೊಂಡೇ ಹೋಗಿದ್ದೆ, ಆದರೆ ಪ್ರತಿ ಮನೆಯಲ್ಲೂ ಬಾಯಾರಿಕೆಗೆ ಬೆಲ್ಲ, ನೀರು ಸಿಗುತ್ತಿತ್ತು. ಸಿಟ್ಟು ಮನೆಯ ಮೆಟ್ಟಿಲಿನವರೆಗೆ ಮಾತ್ರ ಉಳಿಯುತ್ತಿತ್ತು.

ಇನ್ನು ಕಮಲಕ್ಕನ ಸಂಗತಿ. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಏಕೆಂದರೆ ನನ್ನ ಪೆಟ್ಟಿಗೆಯ ರೂಪವನ್ನೇ ಅವರು ಬದಲಿಸಿದರು.

ಕಮಲಕ್ಕನ ಮನೆ ಬೆಳ್ತಂಗಡಿಯಿಂದ ಘಾಟಿಯ ಕಡೆಗೆ ಹೋಗುವ ದಾರಿಯಲ್ಲಿ, ರಬ್ಬರ್ ಮರಗಳ ನಡುವಿನ ಒಂದು ತಾರಸಿ ಮನೆ. ಬಿರು ಬೇಸಗೆಯ ಒಂದು ಮಧ್ಯಾಹ್ನ ಅವರು ಫೋನು ಮಾಡಿದರು. ಕಾವಿಗೆ ಕೂತಿದ್ದ ಅವರ ಕೋಳಿಯನ್ನು ಮುಂಗುಸಿ ಹಿಡಿದಿತ್ತು. ಮೊಟ್ಟೆಗಳು ಇನ್ನೂ ಬೆಚ್ಚಗಿವೆ, ಮೊಮ್ಮಗುವಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಬೇಗ ಬನ್ನಿ ಎಂದರು. ಪೆಟ್ಟಿಗೆ ಕಂಕುಳಿನಲ್ಲಿ ಇಟ್ಟುಕೊಂಡು ಸಿಕ್ಕಿದ ಬಸ್ಸು ಹತ್ತಿದೆ.

ಸತ್ತದ್ದು ಸಾಧಾರಣ ಕೋಳಿಯಲ್ಲ. ಕೆಲವು ಊರಕೋಳಿಗಳಿಗೆ ಕುತ್ತಿಗೆಯಲ್ಲಿ ಪುಕ್ಕವೇ ಇರುವುದಿಲ್ಲ, ಬೋಳು ಕುತ್ತಿಗೆಯ ಕೋಳಿ ಎನ್ನುತ್ತೇವೆ. ಕಮಲಕ್ಕ ಚೊಚ್ಚಲ ಹೆರಿಗೆ ಮುಗಿಸಿ, ಮಗಳು ಸುಮಿತ್ರಾಳನ್ನು ಎತ್ತಿಕೊಂಡು ತವರಿನಿಂದ ಗಂಡನ ಮನೆಗೆ ಹೊರಟಾಗ ಅವರ ಅಮ್ಮ ಅಂಥ ಒಂದು ಹೇಂಟೆಯನ್ನು ಬುಟ್ಟಿಯಲ್ಲಿ ಹಾಕಿ ಕಳುಹಿಸಿದ್ದರಂತೆ. ಆ ಹೇಂಟೆಯ ಸಂತತಿಯೇ ಇಷ್ಟು ವರ್ಷ ಅಂಗಳದಲ್ಲಿ ಓಡಾಡಿದ್ದು. ಅಮ್ಮ ಈಗ ಇಲ್ಲ. ತವರಿನಲ್ಲಿ ಅಣ್ಣ ಕೋಳಿ ಸಾಕುವುದನ್ನು ಬಿಟ್ಟಿದ್ದಾರೆ. ಬೋಳು ಕುತ್ತಿಗೆಯದ್ದೆಂದು ಉಳಿದದ್ದು ಈ ಒಂದೇ ಕೋಳಿ, ಅದೂ ಮುಂಗುಸಿಯ ಪಾಲಾಗಿತ್ತು. ಹುಂಜ ನೆರೆಮನೆಯದ್ದು, ಸಾಧಾರಣದ್ದು. ಹಾಗಾಗಿ ಮೊಟ್ಟೆಯಲ್ಲಿ ಯಾವ ಮರಿ ಉಂಟು ಎಂದು ಹೇಳುವ ಹಾಗಿರಲಿಲ್ಲ.

“ಎಷ್ಟು ಮರಿ ಆಗ್ತದೆ ಅಂತ ನಾನು ಕೇಳುದಿಲ್ಲ ಸಂಜೀವಣ್ಣ,” ಎಂದರು ಕಮಲಕ್ಕ. “ಬೋಳು ಕುತ್ತಿಗೆಯದ್ದು ಒಂದು ಆದ್ರೆ ಸಾಕು. ಅಮ್ಮನ ಕೈಯದ್ದು ಅಂತ ನನ್ನ ಹತ್ರ ಉಳಿದಿರುದು ಅದೊಂದೇ.”

ಈ ಮಾತು ಕೇಳಿ ನನಗೆ ಸಣ್ಣಗೆ ಹೆದರಿಕೆಯಾಯಿತು. ರಿಪೇರಿಯವನಿಗೆ ಹೀಗೆಲ್ಲ ಹೇಳಬಾರದು.

ಮನೆಯಲ್ಲಿ ಆಗ ಸುಮಿತ್ರಾ ಬಾಣಂತಿ. ಅಮ್ಮ ತವರಿಗೆ ಹೋಗಿದ್ದ ಹಾಗೆ ಅವಳೂ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಕಡೆ ಬಾಣಂತಿ ಕೋಣೆ ಎಂದರೆ ನಿಮಗೆ ಗೊತ್ತಿರಬಹುದು. ಕಿಟಕಿ ಮುಚ್ಚಿರುತ್ತದೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕುದಿಯುವ ನೀರಿನ ಸ್ನಾನ, ಆಮೇಲೆ ಧೂಪದ ಹೊಗೆ. ಫ್ಯಾನಿನ ಸ್ವಿಚ್ಚಿನ ಮೇಲೆ ಕಮಲಕ್ಕ ಪ್ಲಾಸ್ಟರ್ ಅಂಟಿಸಿದ್ದರು. ಮೇಲೆ ತಾರಸಿ ಕಾದು ಕೆಂಡವಾಗಿತ್ತು. ಒಳಗಿನಿಂದ ಸುಮಿತ್ರಾ, ಸೆಕೆ ಅಮ್ಮಾ, ಎಂದು ಕರೆಯುವುದು ಜಗಲಿಗೆ ಕೇಳುತ್ತಿತ್ತು. ಗಾಳಿ ಬಡಿದರೆ ಮೈಗೆ ಹಿಡಿಯುತ್ತದೆ, ಸುಮ್ಮನಿರು, ಎಂದು ಕಮಲಕ್ಕ ಇಲ್ಲಿಂದಲೇ ಹೇಳುತ್ತಿದ್ದರು.

ಎದುರಿಗೆ ಗಾಜಿನ ಕಿಂಡಿ ಇದ್ದ ಪೆಟ್ಟಿಗೆಯನ್ನು ಪಕ್ಕದ ಕೋಣೆಯಲ್ಲಿ ಇಟ್ಟು, ಒಂದು ಬದಿಗೆ ಕಾಯಿಲ್, ಅದರ ಹಿಂದೆ ಫ್ಯಾನು, ನಡುವೆ ಮೊಟ್ಟೆಗಳನ್ನು ಜೋಡಿಸಿದೆ. ಆಗಿನ ನನ್ನ ಪೆಟ್ಟಿಗೆಗಳಿಗೆ ಎರಡು ಸ್ವಿಚ್ಚು, ಬಿಸಿಗೆ ಒಂದು, ಫ್ಯಾನಿಗೆ ಒಂದು. ಎರಡನ್ನೂ ಹಾಕಿ ತೋರಿಸಿ, ಮೊಟ್ಟೆ ತಿರುಗಿಸಿ ಇಡುವ ಕ್ರಮ ಹೇಳಿಕೊಟ್ಟು ಬಂದೆ.

ಕೆಲವು ದಿನ ಬಿಟ್ಟು ಹೋದಾಗ ಮೊಟ್ಟೆಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದೆ. ಮರಿ ಬೆಳೆಯುತ್ತಿದ್ದರೆ ಒಳಗೆ ಕೆಂಪು ನರಗಳು ಕಾಣುತ್ತವೆ. ಕಾಯಿಲಿನ ಹತ್ತಿರದವು ಚೆನ್ನಾಗಿದ್ದವು. ಆಚೆಯ ಮೂಲೆಯವು ಹಿಂದೆ ಬಿದ್ದಿದ್ದವು, ಎರಡಂತೂ ಸತ್ತೇ ಹೋಗಿದ್ದವು. ನೋಡಿದರೆ ಫ್ಯಾನು ತಿರುಗುತ್ತಿದೆ, ಮೀಟರು ಸರಿ ತೋರಿಸುತ್ತಿದೆ. ಫ್ಯಾನನ್ನೇ ಬದಲಿಸಿದೆ. ಮುಂದಿನ ಸಲ ಹೋದಾಗಲೂ ಅದೇ ಕಥೆ. ಪೊರ್ಬುಗಳನ್ನು ನೆನೆದು ನಾಲ್ಕು ಮೂಲೆಗೂ ಕೆಂಪು ದಾರ ಕಟ್ಟಿದೆ. ನಾನು ಕೂತಷ್ಟು ಹೊತ್ತು ನಾಲ್ಕೂ ದಾರ ಚೆಂದವಾಗಿ ಅಲ್ಲಾಡಿದವು. ಮೂಲೆಯ ಮೊಟ್ಟೆಗಳು ಮಾತ್ರ ತಣ್ಣಗೆ. ಇಷ್ಟು ವರ್ಷದ ವಿದ್ಯೆಯೆಲ್ಲ ಮಣ್ಣುಪಾಲಾಯಿತಲ್ಲ ಎಂದು ಆ ದಿನ ಬಹಳ ಬೇಸರವಾಯಿತು. ಕಮಲಕ್ಕ ನನ್ನ ಮುಖ ನೋಡಿ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟರು.

ಬಸ್ಸಿನ ದಾರಿಗೆ ಬಂದ ಮೇಲೆ ಟಾರ್ಚು ಮರೆತದ್ದು ನೆನಪಾಯಿತು. ತಿರುಗಿ ಹೋದೆ. ಕಮಲಕ್ಕ ಹಿತ್ತಿಲಲ್ಲಿ ಇದ್ದರು. ಕೋಣೆಗೆ ಹೋಗಿ ನೋಡುತ್ತೇನೆ, ಪೆಟ್ಟಿಗೆಯಲ್ಲಿ ಶಬ್ದವಿಲ್ಲ. ನಾಲ್ಕು ದಾರಗಳೂ ನೆಟ್ಟಗೆ ಇಳಿಬಿದ್ದಿವೆ. ಬಿಸಿಯ ಸ್ವಿಚ್ಚು ಹಾಕಿಯೇ ಇದೆ, ಫ್ಯಾನಿನ ಸ್ವಿಚ್ಚು ಮಾತ್ರ ಆರಿದೆ. ಅಷ್ಟರಲ್ಲಿ ಕಮಲಕ್ಕ ಒಳಗೆ ಬಂದರು.

“ಫ್ಯಾನು ಯಾರು ಬಂದ್ ಮಾಡಿದ್ದು ಕಮಲಕ್ಕ?”

“ನಾನೇ. ನೀವು ಹೋದ ಕೂಡ್ಲೆ ಯಾವಾಗ್ಲೂ ಬಂದ್ ಮಾಡ್ತೇನೆ.”

“ನಾನು ಬಂದಾಗೆಲ್ಲ ತಿರುಗ್ತಾ ಇತ್ತಲ್ಲ?”

“ಮನೆಗೆ ಜನ ಬಂದಾಗ ಫ್ಯಾನು ಹಾಕದೆ ಇರ್ಲಿಕ್ಕೆ ಆಗ್ತದಾ?” ಎಂದರು ಅವರು. ನನ್ನಿಂದ ಇಂಥ ಪ್ರಶ್ನೆ ಬಂದದ್ದೇ ಅವರಿಗೆ ಆಶ್ಚರ್ಯ.

ನಾನು ಅಲ್ಲೇ ಕುಳಿತುಬಿಟ್ಟೆ. ಅಂಗಳದ ಬಾಗಿಲಿನಲ್ಲಿ ನನ್ನ ಕೊಡೆ ಕಂಡ ಕೂಡಲೇ ಅವರು ಓಡಿ ಬಂದು ಫ್ಯಾನು ಹಾಕುತ್ತಿದ್ದರಂತೆ, ಜಗಲಿಯ ಫ್ಯಾನಿನ ಜೊತೆಗೆ ಪೆಟ್ಟಿಗೆಯದ್ದನ್ನೂ. ನಾನು ಕೊಟ್ಟ ವಸ್ತು, ನನ್ನೆದುರು ಬಂದ್ ಇಟ್ಟರೆ ಮರ್ಯಾದೆಯಲ್ಲ ಎಂದು. ನಾನು ಹೋದ ಮೇಲೆ ಮಾತ್ರ ಅವರ ತಾಯಿಕರುಳು ಕೇಳುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗಳಿಗೆ ಗಾಳಿ ಬಡಿಯಬಾರದೆಂದು ಇಷ್ಟು ಕಾವಲು ಕಾಯುವವರು, ಇನ್ನೂ ಹುಟ್ಟದ ಮರಿಗಳಿಗೆ ಹಗಲಿಡೀ ಗಾಳಿ ಬೀಸಲು ಹೇಗೆ ಬಿಡುತ್ತಾರೆ? ನಾನು ಹೋದ ಮೇಲೆ ಪೆಟ್ಟಿಗೆಯ ತೂತುಗಳಿಗೂ ಹತ್ತಿ ಇಡುತ್ತಿದ್ದರು, ಬಾಣಂತಿಯ ಕಿವಿಗೆ ಇಟ್ಟ ಹಾಗೆ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ವಾದ ಮಾಡಲು ಹೋಗಲಿಲ್ಲ. ಹತ್ತಿ ಕಿತ್ತು, ಮುಚ್ಚಳ ತೆಗೆದು, ಕೈಯ ಹಿಂಬದಿಯನ್ನು ಕಾಯಿಲಿನ ಹತ್ತಿರ ಹಿಡಿಯಲು ಹೇಳಿದೆ, ಆಮೇಲೆ ಆಚೆಯ ಮೂಲೆಯಲ್ಲಿ. ಅವರು ಹಿಡಿದು ನೋಡಿದರು, ಮುಖ ಸಣ್ಣಗಾಯಿತು. ಫ್ಯಾನು ಹಾಕಿ, ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಪುನಃ ಹಿಡಿಯಲು ಹೇಳಿದೆ. ಈಗ ಎರಡು ಕಡೆಯೂ ಒಂದೇ ಬಿಸಿ. ಕಮಲಕ್ಕ ತುಂಬ ಹೊತ್ತು ಕೈ ತೆಗೆಯಲಿಲ್ಲ.

“ಮೀಯುವ ನೀರಿನ ಹಾಗೆ,” ಎಂದರು ಕೊನೆಗೆ. “ಬಿಸಿ ನೀರಿಗೆ ತಣ್ಣೀರು ಹಾಕಿ ಕಲಕದಿದ್ರೆ ಮೇಲೆ ಸುಡ್ತದೆ, ಅಡಿಯಲ್ಲಿ ತಣ್ಣಗೆ ಇರ್ತದೆ. ನಿಮ್ಮ ಫ್ಯಾನು ಕಲಕ್ಲಿಕ್ಕೆ ಇರುದು. ಇಷ್ಟನ್ನು ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ರೆ?”

ಹೌದು, ಹೇಳಬೇಕಿತ್ತು. ಆಮೇಲೆ ನಾನು ಹೋದಲ್ಲೆಲ್ಲ ಅವರ ಮಾತನ್ನೇ ನನ್ನದೆಂಬ ಹಾಗೆ ಹೇಳಿದ್ದೇನೆ. ಆಗ ಗೋಡೆಯ ಆಚೆಯಿಂದ ಸುಮಿತ್ರಾಳ ಸ್ವರ ಕೇಳಿತು.

“ಅಮ್ಮ, ಹಾಗಾದ್ರೆ ಈ ಕೋಣೆಯ ಗಾಳಿ ಕಲಕುದು ಯಾರು?”

ಕಮಲಕ್ಕ ಕೇಳಿಸದವರ ಹಾಗೆ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಕೋಳಿಮೊಟ್ಟೆ ಒಡೆಯಲು ಇಪ್ಪತ್ತೊಂದು ದಿನ ಬೇಕೆಂದು ಎಲ್ಲರಿಗೂ ಗೊತ್ತು. ಆ ದಿನ ಬಂತು, ಹೋಯಿತು, ಮೊಟ್ಟೆಗಳು ಸುಮ್ಮನಿದ್ದವು. ಕಾವು ಕಡಿಮೆಯಾದ ಮೊಟ್ಟೆ ತಡವಾಗಿ ಒಡೆಯುತ್ತದೆ, ಕಾಯುವ, ಎಂದು ನಾನು ಫೋನಿನಲ್ಲಿ ಧೈರ್ಯವಾಗಿ ಹೇಳಿದೆ. ಹೇಳಿದ್ದು ಸುಳ್ಳಲ್ಲ, ಆದರೆ ಧೈರ್ಯ ಮಾತ್ರ ನನ್ನದಾಗಿರಲಿಲ್ಲ. ಕಮಲಕ್ಕ ಆ ಕಡೆಯಿಂದ ಹ್ಞೂಂ ಎಂದಷ್ಟೇ ಹೇಳಿ ಫೋನಿಟ್ಟರು. ಮಾರನೆಯ ಬೆಳಿಗ್ಗೆ ಅವರ ಕರೆ ಬಂತು. ಒಂದು ಮೊಟ್ಟೆಯಲ್ಲಿ ಬಿರುಕು ಕಂಡಿದೆ, ಒಳಗೆ ಚಿಂವ್ ಅನ್ನುತ್ತಿದೆ. ನಾನು ಚಾ ಕುಡಿಯದೆ ಹೊರಟೆ.

ನಾನು ತಲುಪುವಾಗ ಮೂರು ಮರಿ ಹೊರಗೆ ಬಂದಿದ್ದವು, ಇನ್ನೆರಡು ಚಿಪ್ಪು ಒಡೆಯುತ್ತಿದ್ದವು. ಕಮಲಕ್ಕನ ಕಣ್ಣಿನಲ್ಲಿ ನೀರು. ಮೂರೂ ಬೋಳು ಕುತ್ತಿಗೆಯದ್ದು ಸಂಜೀವಣ್ಣ, ನೋಡಿ, ಅಮ್ಮನೇ ಕಳಿಸಿದ್ದು, ಎಂದರು. ಚಿಪ್ಪಿನಿಂದ ಆಗಷ್ಟೇ ಬಂದ ಮರಿ ಒದ್ದೆಯಾಗಿರುತ್ತದೆ, ತುಪ್ಪಳವೆಲ್ಲ ಮೈಗೆ ಅಂಟಿಕೊಂಡು ಎಲ್ಲವೂ ಬೋಳಾಗಿಯೇ ಕಾಣುತ್ತವೆ. ಒಣಗುವವರೆಗೆ ಏನೂ ಹೇಳಲು ಬರುವುದಿಲ್ಲ. ಅದನ್ನು ಮೆಲ್ಲಗೆ ಹೇಳಿದೆ. ಅವರು ಕಣ್ಣು ಒರೆಸಿಕೊಂಡು ಪೆಟ್ಟಿಗೆಯ ಮುಂದೆ ನೆಲದಲ್ಲಿ ಕುಳಿತರು. ಕಟ್ಟಳೆ ಮುರಿದು ಸುಮಿತ್ರಾಳೂ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಅಮ್ಮ ಬೈಯಲಿಲ್ಲ.

ಫ್ಯಾನು ತಿರುಗುತ್ತಿತ್ತು. ಬಿಸಿ ಗಾಳಿ ಮರಿಗಳ ಮೇಲೆ ಹಾದು ಹೋಗುತ್ತಿತ್ತು. ಗಾಜಿನ ಆಚೆ ಮೊದಲ ಮರಿಯ ಬೆನ್ನು ಒಣಗಿ ಉಬ್ಬಿತು, ಆಮೇಲೆ ಕುತ್ತಿಗೆಯೂ ಹತ್ತಿಯ ಹಾಗೆ ಉಬ್ಬಿತು. ಸಾಧಾರಣ ಮರಿ. ಎರಡನೆಯದೂ ಹಾಗೆಯೇ. ಮೂರನೆಯದ್ದರ ಬೆನ್ನು ಉಬ್ಬಿತು, ತಲೆ ಉಬ್ಬಿತು. ಕುತ್ತಿಗೆ ಮಾತ್ರ ಉಬ್ಬಲಿಲ್ಲ. ಅದು ಇನ್ನೂ ಒದ್ದೆಯೇ ಎಂದು ಎಲ್ಲರೂ ಕಾದೆವು. ಗಾಳಿ ಬೀಸಿಯೇ ಬೀಸಿತು. ಕುತ್ತಿಗೆ ಒಣಗಿ ಕೆಂಪಗೆ, ನುಣ್ಣಗೆ, ಬೋಳಾಗಿ ಉಳಿಯಿತು.

“ಬಡಿಯಲಿ ಗಾಳಿ,” ಎಂದರು ಕಮಲಕ್ಕ, ಪೆಟ್ಟಿಗೆಯ ಹತ್ತಿರ ಬಾಗಿ. “ಇನ್ನೂ ಸ್ವಲ್ಪ ಬಡಿಯಲಿ.”

ಮಧ್ಯಾಹ್ನದೊಳಗೆ ಉಳಿದೆರಡೂ ಹೊರಗೆ ಬಂದು ಒಣಗಿದವು. ಅವುಗಳಲ್ಲಿ ಒಂದು ಬೋಳು ಕುತ್ತಿಗೆಯದ್ದು. ಊಟಕ್ಕೆ ಪಾಯಸ ಇತ್ತು. ಕೈ ತೊಳೆದು ಹೊರಡುವಾಗ ಕಮಲಕ್ಕ ನನ್ನನ್ನು ಬದಿಗೆ ಕರೆದು, ಇಂಥದ್ದೇ ಸಣ್ಣ ಫ್ಯಾನು ಇನ್ನೊಂದು ಉಂಟಾ ಎಂದು ಕೇಳಿದರು. ಬಾಣಂತಿ ಕೋಣೆಗೆ. ಎರಡು ಷರತ್ತು. ಗಾಳಿ ನೇರವಾಗಿ ಮಗಳ ಮೇಲೆ ಬೀಳಬಾರದು, ಮತ್ತು ಮಗು ನೋಡಲು ಬರುವ ಹೆಂಗಸರ ಕಣ್ಣಿಗೆ ಫ್ಯಾನು ಬೀಳಬಾರದು, ಬಿದ್ದರೆ ಊರಿಡೀ ಸುದ್ದಿಯಾಗುತ್ತದೆ. ಮಾರನೆಯ ದಿನವೇ ಹೋಗಿ, ಗೋಡೆಯ ಮೇಲ್ತುದಿಯ ಕಿಂಡಿಗೆ, ಮೇಲೆ ಸೇರಿದ ಬಿಸಿಯನ್ನು ಹೊರಗೆ ದೂಡುವ ಹಾಗೆ, ಒಂದು ಸಾಲದೆಂದು ಎರಡು ಫ್ಯಾನು ಇಟ್ಟೆ. ವಿಟ್ಲದ ಅಂಗಡಿಯವರು ತಪ್ಪಿ ಮಾಡಿದ್ದನ್ನು ಇಲ್ಲಿ ಬೇಕೆಂದೇ ಮಾಡಿದೆ. ಎದುರಿಗೆ ಸ್ವಲ್ಪ ಜಾಗ ಬಿಟ್ಟು ಒಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿದೆವು. ಮಗು ನೋಡಲು ಬಂದ ಕಮಲಕ್ಕನ ಅತ್ತೆಯೊಬ್ಬರು, ಫ್ಯಾನು ಇಲ್ಲದೆ ಇಷ್ಟು ಹಿತವಾಗಿದೆಯಲ್ಲ, ಹಿಂದಿನ ಕ್ರಮಗಳೇ ಹಾಗೆ, ಎಂದು ಹೊಗಳಿ ಹೋದರಂತೆ. ಸುಮಿತ್ರಾ ನನಗೆ ಫೋನು ಮಾಡಿ ಇದನ್ನು ಹೇಳುವಾಗ ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದಳು.

ಅಂದಿನಿಂದ ನನ್ನ ಪೆಟ್ಟಿಗೆಗಳಿಗೆ ಒಂದೇ ಸ್ವಿಚ್ಚು. ಬಿಸಿ ಇದ್ದರೆ ಫ್ಯಾನೂ ಇರಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ಬಿಡಬೇಡಿ. ಮತ್ತು ಒಂದು ಮನೆಗೆ ಹೋದರೆ ಹೊರಟ ಮೇಲೆ ಏನಾದರೂ ಮರೆತವರ ಹಾಗೆ ಒಮ್ಮೆ ತಿರುಗಿ ಹೋಗಿ. ನಮ್ಮವರು ಮರ್ಯಾದೆಯ ಜನ, ಎದುರಿಗೆ ಎಲ್ಲವನ್ನೂ ನೀವು ಹೇಳಿದ ಹಾಗೆಯೇ ಇಟ್ಟಿರುತ್ತಾರೆ.

ಆಟಿ, ಅಂದರೆ ತುಳುವರ ಆಷಾಢ ತಿಂಗಳಲ್ಲಿ ನಮ್ಮಲ್ಲಿ ಮಗಳನ್ನು ಕಳುಹಿಸುವ ಕ್ರಮವಿಲ್ಲ. ಅದು ಕಳೆದ ಮೇಲೆ ಸುಮಿತ್ರಾ ಗಂಡನ ಮನೆಗೆ ಹೊರಡುವ ದಿನ ನನಗೂ ಊಟಕ್ಕೆ ಹೇಳಿಕೆ ಬಂತು. ಮಳೆ ಬಿಟ್ಟು ಬಿಸಿಲು ಚುರ್ ಎನ್ನುತ್ತಿತ್ತು. ಅಳಿಯ ಕಾರು ತಂದಿದ್ದರು. ಬೋಳು ಕುತ್ತಿಗೆಯ ಎರಡು ಮರಿಗಳಲ್ಲಿ ಒಂದು ಹುಂಜ, ಒಂದು ಹೇಂಟೆ ಆಗಿ ಅಂಗಳದಲ್ಲಿ ಓಡಾಡುತ್ತಿದ್ದವು. ಕಮಲಕ್ಕ ಹೇಂಟೆಯನ್ನು ಹಿಡಿದು ಬುಟ್ಟಿಯಲ್ಲಿ ಹಾಕಿ ಕಾರಿನಲ್ಲಿ ಕೂತಿದ್ದ ಮಗಳ ಕಾಲಿನ ಹತ್ತಿರ ಇಟ್ಟರು. ಇರುವುದು ಅದೊಂದೇ ಹೇಂಟೆ, ಅದನ್ನೇ ಕೊಡುತ್ತೀರಾ ಎಂದು ನಾನು ಮೆಲ್ಲಗೆ ಕೇಳಿದೆ.

“ನನಗೆ ಕೊಡುವಾಗ ಅಮ್ಮನ ಹತ್ರ ಎಷ್ಟು ಇತ್ತು ಅಂತ ನಾನು ಕೇಳಿದ್ದೇ ಇಲ್ಲ,” ಎಂದರು. ಸುಮಿತ್ರಾ ಕಿಟಕಿಯಿಂದ ಕೈ ಚಾಚಿ ಅಮ್ಮನ ಕೈ ಹಿಡಿದುಕೊಂಡಳು.

ಅಳಿಯ ಎ.ಸಿ. ಹಾಕಿದರು. ಮಗುವಿಗೆ ಸೆಕೆ ಆಗದ ಹಾಗೆ ಹಾಕಿ, ಒಳ್ಳೆದೇ, ಎಂದರು ಕಮಲಕ್ಕ. ಸುಮಿತ್ರಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅಷ್ಟರಲ್ಲಿ ಕಮಲಕ್ಕನಿಗೆ ಏನೋ ಹೊಳೆಯಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಮಗುವಿನ ಹಳೆಯ ಬಟ್ಟೆಯ ಒಂದು ತುಂಡನ್ನು ತಂದು, ಬಾಗಿ, ಹೇಂಟೆಯ ಕುತ್ತಿಗೆಗೆ ಸುತ್ತಿದರು.

“ಇದಕ್ಕೆ ಮಾತ್ರ ಗಾಳಿ ಬಡಿಯಬಾರ್ದು,” ಎಂದರು. “ಕುತ್ತಿಗೆಯಲ್ಲಿ ಒಂದು ಪುಕ್ಕವೂ ಇಲ್ಲ, ಪಾಪ.”

ಕಾರಿನೊಳಗೆ ಎಲ್ಲರೂ ನಕ್ಕರು, ಸುಮಿತ್ರಾ ಅಳುತ್ತಲೇ ನಕ್ಕಳು. ಸಂಜೀವ ಮಾವ, ಹಾಗಾದ್ರೆ ಈ ಎ.ಸಿ.ಯ ಗಾಳಿಯನ್ನು ಯಾವ ಕಡೆಗೆ ತಿರುಗಿಸುದು, ಎಂದು ಕೇಳಿದಳು. ನಾನು ಕೈ ಒಳಗೆ ಹಾಕಿ, ಗಾಳಿ ಬರುವ ಕಿಂಡಿಯನ್ನು ಮೇಲಕ್ಕೆ ತಿರುಗಿಸಿದೆ, ಯಾರ ಮೇಲೂ ಬೀಳದೆ ಎಲ್ಲರಿಗೂ ಮುಟ್ಟುವ ಹಾಗೆ. ಆಮೇಲೆ ಕಮಲಕ್ಕ ಕೈಯ ಹಿಂಬದಿಯನ್ನು ಮಗಳ ಹತ್ತಿರ ಹಿಡಿದರು, ಮಗುವಿನ ಹತ್ತಿರ ಹಿಡಿದರು, ಬುಟ್ಟಿಯ ಹತ್ತಿರ ಹಿಡಿದರು. ಸಮ ಉಂಟು, ಇನ್ನು ಹೊರಡಿ, ಎಂದರು.